ವೃದ್ಧಾಪ್ಯಕ್ಕೊಂದು ಬಾಡಿಗೆ ದೇಶ

ವೀಸಾ ಎಂದೊಡನೆ ಸಾಮಾನ್ಯವಾಗಿ ನೆನಪಾಗುವವರು ಮೂರು ಬಗೆಯ ಜನ: ಓದಲು ಹೋಗುವವರು, ದುಡಿಯಲು ಹೋಗುವವರು, ಊರು ನೋಡಲು ಹೋಗುವವರು. ಈ ಯಾವ ಗುಂಪಿಗೂ ಸೇರದ ನಾಲ್ಕನೆಯ ಬಗೆಯೊಂದಿದೆ. ಓದು ಮುಗಿದು, ದುಡಿಮೆಯೂ ಮುಗಿದು, ಉಳಿದ ಆಯುಷ್ಯವನ್ನು ಪರದೇಶದಲ್ಲಿ ಕಳೆಯಲು ಹೊರಟವರು ಅವರು. ಅಂಥವರಿಗಾಗಿಯೇ ಹಲವು ದೇಶಗಳು ‘ನಿವೃತ್ತಿ ವೀಸಾ’ ಎಂಬ ಪರವಾನಗಿಯನ್ನು ಇಟ್ಟುಕೊಂಡಿವೆ. ಇದರ ಷರತ್ತುಗಳು ಕೆಲಸದ ವೀಸಾದ ಷರತ್ತುಗಳಿಗೆ ತೀರ ವಿರುದ್ಧವಾದವು. ಅಲ್ಲಿ ಕೈಗೆ ಕೆಲಸವಿದೆ ಎಂದು ತೋರಿಸಬೇಕು; ಇಲ್ಲಿ ಕೆಲಸ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಬೇರೆ ಕಡೆಯಿಂದ ಹಣ ಬರುತ್ತಿರಬೇಕು, ಆ ಹಣ ಈ ದೇಶದಲ್ಲಿ ಖರ್ಚಾಗಬೇಕು, ಬಂದವರು ಇಲ್ಲಿನ ಸರ್ಕಾರಕ್ಕೆ ಹೊರೆಯಾಗಬಾರದು. ಒಟ್ಟು ಕರಾರು ಇಷ್ಟೆ.

ಸರಳವಾಗಿ ಕಾಣುವ ಈ ಕರಾರಿಗೆ ಸುಮಾರು ಅರ್ಧ ಶತಮಾನದ ಇತಿಹಾಸವಿದೆ. ಆ ಇತಿಹಾಸವನ್ನು ನೋಡುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ವೀಸಾ ಪಡೆದವರಿಗೆ ವರ್ಷ ಕಳೆದಂತೆ ವಯಸ್ಸಾಗುತ್ತದೆ, ಆದರೆ ಅರ್ಹತೆಯನ್ನು ಮಾತ್ರ ಅವರು ಮೊದಲ ದಿನದಂತೆಯೇ ಸಾಬೀತು ಮಾಡುತ್ತಿರಬೇಕಾಗುತ್ತದೆ.

ವೀಸಾ ಇಲ್ಲದ ಕಾಲ

ಇಳಿವಯಸ್ಸಿನಲ್ಲಿ ಹಿತವಾದ ಹವೆಯನ್ನು ಹುಡುಕಿಕೊಂಡು ಹೋಗುವುದು ಹೊಸದೇನಲ್ಲ. ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ಸಮುದ್ರದಂಚಿಗೆ ಸಾಗುವ ಪ್ರಸಿದ್ಧ ರಸ್ತೆಗೆ ‘ಇಂಗ್ಲಿಷರ ವಿಹಾರಪಥ’ ಎಂಬ ಅರ್ಥದ ಹೆಸರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ದೇಶದ ಚಳಿಗೆ ಬೆದರಿ ಅಲ್ಲಿಗೆ ಬಂದು ತಂಗುತ್ತಿದ್ದ ಶ್ರೀಮಂತ ಇಂಗ್ಲಿಷರಿಂದಾಗಿ ಬಂದ ಹೆಸರು ಅದು. ಅವರಿಗೆ ಯಾವ ನಿವೃತ್ತಿ ವೀಸಾವೂ ಬೇಕಿರಲಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಗಡಿ ದಾಟಬಹುದಾಗಿತ್ತು. ಕೈಯಲ್ಲಿ ಹಣವಿದ್ದವನು ತನಗೆ ಹಿಡಿಸಿದ ಊರಿನಲ್ಲಿ ಮನೆ ಮಾಡಿಕೊಂಡು ಇರುತ್ತಿದ್ದ. ಯುದ್ಧಕಾಲದಲ್ಲಿ ಬಿಗಿಯಾದ ಪಾಸ್‌ಪೋರ್ಟ್ ಮತ್ತು ವೀಸಾ ತಪಾಸಣೆ ಯುದ್ಧ ಮುಗಿದ ಮೇಲೂ ಉಳಿದುಕೊಂಡಿತು.

ಅದೇ ಸುಮಾರಿಗೆ ಇನ್ನೊಂದು ಬದಲಾವಣೆಯೂ ನಡೆದಿತ್ತು. ಮುಪ್ಪಿನಲ್ಲಿ ತಿಂಗಳು ತಿಂಗಳು ಬರುವ ಹಣ ಶ್ರೀಮಂತರ ಮನೆಯಿಂದ ಸಾಮಾನ್ಯರ ಮನೆಗೂ ಇಳಿದು ಬಂದಿತು. ಬಿಸ್ಮಾರ್ಕನ ಜರ್ಮನಿ 1889ರಲ್ಲಿ ವೃದ್ಧಾಪ್ಯ ವಿಮೆಯ ಕಾಯಿದೆ ಮಾಡಿತು. ಬ್ರಿಟನ್ನಿನಲ್ಲಿ 1908ರಲ್ಲಿ ವೃದ್ಧಾಪ್ಯ ಪಿಂಚಣಿ ಕಾಯಿದೆ ಬಂದು, ಮರುವರ್ಷದ ಜನವರಿಯಿಂದ 70 ದಾಟಿದ ಬಡವರಿಗೆ ಹಣ ಸಿಗತೊಡಗಿತು. ಅಮೆರಿಕದ ಸಾಮಾಜಿಕ ಭದ್ರತಾ ಕಾಯಿದೆ 1935ರದು. ಅದರಡಿ ಮೊದಲ ಮಾಸಿಕ ಚೆಕ್ಕು 1940ರ ಜನವರಿಯಲ್ಲಿ ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಎಂಬಾಕೆಯ ಕೈ ಸೇರಿತು. ಮೊತ್ತ 22 ಡಾಲರ್ 54 ಸೆಂಟ್.

ಎರಡನೆಯ ಮಹಾಯುದ್ಧದ ನಂತರ ಈ ಪಿಂಚಣಿಯ ಹಣ ಬೆಳೆಯಿತು, ವಿಮಾನ ಪ್ರಯಾಣ ಅಗ್ಗವಾಯಿತು, ಜನರ ಆಯುಷ್ಯವೂ ಹೆಚ್ಚಿತು. ಅಮೆರಿಕದಲ್ಲಿ ಕಷ್ಟದಿಂದ ಸಂಸಾರ ತೂಗಿಸುವಷ್ಟಿದ್ದ ಪಿಂಚಣಿ ಮೆಕ್ಸಿಕೋದ ಚಪಾಲಾ ಸರೋವರದ ದಡದ ಊರುಗಳಲ್ಲಿ ಸುಖವಾಗಿ ಬದುಕಲು ಸಾಕಾಗುತ್ತಿತ್ತು. ಅಮೆರಿಕನ್ ವೃದ್ಧರ ದೊಡ್ಡ ವಸತಿಯೇ ಅಲ್ಲಿ ಬೆಳೆಯಿತು. ಹೀಗೆ ಬರುವ ಡಾಲರು ಸಣ್ಣ ದೇಶಗಳ ಕಣ್ಣಿಗೆ ಬೀಳದೆ ಇರಲಿಲ್ಲ.

ಹಿಂದಿರುಗದ ಪ್ರವಾಸಿ

ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾ 1971ರಲ್ಲಿ ಪಿಂಚಣಿದಾರ ನಿವಾಸಿಗಳಿಗೆಂದೇ ಕಾಯಿದೆಯೊಂದನ್ನು ಮಾಡಿತು. ಹೊರದೇಶದ ಪಿಂಚಣಿ ತರುವವರು ಅಲ್ಲಿ ನೆಲೆಸಬಹುದು, ಮನೆಯ ಸಾಮಾನನ್ನೂ ಕಾರನ್ನೂ ಸುಂಕವಿಲ್ಲದೆ ತರಿಸಿಕೊಳ್ಳಬಹುದು ಎಂಬುದು ಅದರ ಆಕರ್ಷಣೆ. ಸರ್ಕಾರದ ಲೆಕ್ಕಾಚಾರ ಸ್ಪಷ್ಟವಾಗಿತ್ತು. ಪ್ರವಾಸಿ ಬಂದು ಹತ್ತು ದಿನ ಹಣ ಖರ್ಚು ಮಾಡಿ ಹೋಗುತ್ತಾನೆ. ಪಿಂಚಣಿದಾರ ವರ್ಷವಿಡೀ ಖರ್ಚು ಮಾಡುತ್ತಾನೆ. ಅವನಿಗೆ ಉದ್ಯೋಗ ಕೊಡಬೇಕಿಲ್ಲ, ಅವನ ಮಕ್ಕಳಿಗೆ ಶಾಲೆ ಕಟ್ಟಬೇಕಿಲ್ಲ. ನೆರೆಯ ಪನಾಮಾ 1987ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಹಿರಿಯರಿಗೆ ಕಾಯಿದೆಯಲ್ಲೇ ಗೊತ್ತುಮಾಡಿದ ರಿಯಾಯಿತಿಗಳನ್ನು ಹೊರಗಿನಿಂದ ಬಂದು ನೆಲೆಸಿದ ನಿವೃತ್ತರಿಗೂ ಕೊಟ್ಟಿತು. ಸಿನಿಮಾ ಟಿಕೆಟ್ಟಿನಲ್ಲಿ ಅರ್ಧ, ವಿಮಾನದ ಟಿಕೆಟ್ಟಿನಲ್ಲಿ ಕಾಲು ಭಾಗ ಸೋಡಿ!

ಏಷ್ಯಾದಲ್ಲಿ ಈ ದಾರಿ ಹಿಡಿದ ಮೊದಲಿಗರಲ್ಲಿ ಫಿಲಿಪ್ಪೀನ್ಸ್ ಒಂದು. ವಿದೇಶಿ ಸಾಲದ ಭಾರದಿಂದ ಆ ದೇಶ ತತ್ತರಿಸುತ್ತಿದ್ದ ಕಾಲದಲ್ಲಿ, 1985ರ ಜುಲೈ 4ರಂದು ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಹೊರಡಿಸಿದ ಆಜ್ಞೆಯೊಂದು ನಿವೃತ್ತರಿಗಾಗಿಯೇ ಪ್ರತ್ಯೇಕ ಸಂಸ್ಥೆಯನ್ನು ಹುಟ್ಟುಹಾಕಿತು. ಬ್ಯಾಂಕಿನಲ್ಲಿ ಡಾಲರ್ ಠೇವಣಿ ಇಟ್ಟವರಿಗೆ ವಾಸದ ಹಕ್ಕು ಎಂಬುದು ಅದರ ತಿರುಳು. ಮಲೇಷ್ಯಾ 1996ರಲ್ಲಿ ‘ಬೆಳ್ಳಿ ಕೂದಲು’ ಎಂಬ ಹೆಸರಿನ ಯೋಜನೆಯನ್ನು ತಂದಿತು. 2002ರಲ್ಲಿ ಅದು ‘ಮಲೇಷ್ಯಾ ನನ್ನ ಎರಡನೆಯ ಮನೆ’ ಎಂದು ಹೆಸರು ಬದಲಿಸಿಕೊಂಡಿತು. ಥಾಯ್ಲೆಂಡ್ ಕೂಡ 50 ದಾಟಿದ ವಿದೇಶಿಯರಿಗೆ ದೀರ್ಘವಾಸದ ವೀಸಾ ಕೊಡತೊಡಗಿತು.

ಕೊಡುವ ಕೈಗಳಷ್ಟೇ ಅಲ್ಲ, ಕಳುಹಿಸುವ ಕೈಗಳೂ ಇದ್ದವು. ಜಪಾನಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ 1986ರಲ್ಲಿ ‘ಸಿಲ್ವರ್ ಕೊಲಂಬಿಯಾ’ ಯೋಜನೆಯನ್ನು ಮುಂದಿಟ್ಟಿತು. ಸ್ಪೇನಿನಂಥ ಬೆಚ್ಚನೆಯ ದೇಶಗಳಲ್ಲಿ ಜಪಾನಿ ವೃದ್ಧರಿಗಾಗಿ ಊರುಗಳನ್ನೇ ಕಟ್ಟುವ ಆಲೋಚನೆ ಅದು. ಕೊಲಂಬಸನ ಯಾನಕ್ಕೆ 500 ವರ್ಷ ತುಂಬುವ 1992 ಅದರ ಗುರಿವರ್ಷ. ಆದರೆ ಕಾರು, ಟೀವಿಗಳನ್ನು ರಫ್ತು ಮಾಡಿದ ಜಪಾನು ಈಗ ಮುದುಕರನ್ನೂ ರಫ್ತು ಮಾಡುತ್ತಿದೆ ಎಂಬ ಟೀಕೆ ಒಳಗೂ ಹೊರಗೂ ಎದ್ದಿತು. ಯೋಜನೆ ಮೂಲರೂಪದಲ್ಲಿ ಮುಂದುವರಿಯಲಿಲ್ಲ. ಅದರ ಬದಲು ಪರದೇಶದಲ್ಲಿ ಕೆಲವು ತಿಂಗಳು ಇದ್ದು ಬರುವ ‘ಲಾಂಗ್ ಸ್ಟೇ’ ಪದ್ಧತಿಗೆ ಉತ್ತೇಜನ ಕೊಡುವ ಪ್ರತಿಷ್ಠಾನವೊಂದು 1992ರಲ್ಲಿ ಹುಟ್ಟಿತು.

ವರ್ಷಕ್ಕೊಮ್ಮೆ ಪರೀಕ್ಷೆ

ಈ ವೀಸಾ ದಿನನಿತ್ಯದ ಬದುಕಿನಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಥಾಯ್ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿನ ಸಾಮಾನ್ಯ ನಿವೃತ್ತಿ ವೀಸಾದ ಅವಧಿ ಒಂದು ವರ್ಷ. ಅರ್ಜಿದಾರರಿಗೆ 50 ತುಂಬಿರಬೇಕು. ಬ್ಯಾಂಕಿನಲ್ಲಿ ಥಾಯ್ ನಾಣ್ಯವಾದ ಬಹ್ತ್‌ನಲ್ಲಿ 8 ಲಕ್ಷ ಇರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಹ್ತ್ ವರಮಾನ ಇರಬೇಕು. ಸಂಬಳಕ್ಕೆ ದುಡಿಯುವಂತಿಲ್ಲ. ಹತ್ತು ವರ್ಷದಿಂದ ಅದೇ ಮನೆಯಲ್ಲಿದ್ದರೂ 90 ದಿನಕ್ಕೊಮ್ಮೆ ವಲಸೆ ಇಲಾಖೆಗೆ ವಿಳಾಸ ತಿಳಿಸಬೇಕು. ವಿದೇಶಿಯರು ಫ್ಲ್ಯಾಟು ಕೊಳ್ಳಬಹುದು. ಸಾಮಾನ್ಯವಾಗಿ ಭೂಮಿ ಕೊಳ್ಳುವಂತಿಲ್ಲ. ವರ್ಷ ಮುಗಿಯುತ್ತಲೇ ಎಲ್ಲ ಕಾಗದಪತ್ರಗಳೊಡನೆ ಮತ್ತೆ ಸರತಿಯಲ್ಲಿ ನಿಲ್ಲಬೇಕು.

ಹೀಗೆ ಹದಿನೈದು ಇಪ್ಪತ್ತು ಬಾರಿ ನವೀಕರಿಸಿದರೂ ಆ ವ್ಯಕ್ತಿ ಕಾಯಂ ನಿವಾಸಿಯಾಗುವುದಿಲ್ಲ. ನಿಯಮ ಬದಲಾದರೆ ಹಳಬನಿಗೂ ಹೊಸಬನ ಕಷ್ಟವೇ. ಇದು 2018ರ ಕೊನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಅಲ್ಲಿಯವರೆಗೆ ಪಿಂಚಣಿದಾರರು ತಮ್ಮ ದೇಶದ ರಾಯಭಾರ ಕಚೇರಿಯಿಂದ ವರಮಾನದ ಪತ್ರ ತಂದು ತೋರಿಸುತ್ತಿದ್ದರು. ಆ ವರಮಾನವನ್ನು ಕಚೇರಿಯೇ ಪರಿಶೀಲಿಸಿ ಖಾತರಿ ಕೊಡಬೇಕೆಂದು ಥಾಯ್ ಅಧಿಕಾರಿಗಳು ಪಟ್ಟುಹಿಡಿದಾಗ, ಹಾಗೆ ಮಾಡಲು ತಮಗೆ ಸಾಧ್ಯವಿಲ್ಲವೆಂದು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳ ಕಚೇರಿಗಳು ಪತ್ರ ಕೊಡುವುದನ್ನೇ ನಿಲ್ಲಿಸಿದವು. 2019ರ ಮಾರ್ಚಿನಿಂದ ಠೇವಣಿಯ ನಿಯಮವೂ ಬಿಗಿಯಾಯಿತು. 8 ಲಕ್ಷ ಬಹ್ತ್ ಅರ್ಜಿಗೆ ಎರಡು ತಿಂಗಳು ಮೊದಲಿನಿಂದ, ಒಪ್ಪಿಗೆಯ ನಂತರ ಮೂರು ತಿಂಗಳವರೆಗೆ ಹಾಗೆಯೇ ಇರಬೇಕು. ಉಳಿದ ಕಾಲದಲ್ಲೂ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಎಂದರೆ ಆಸ್ಪತ್ರೆಯ ಖರ್ಚಿಗೆಂದು ಕೂಡಿಟ್ಟ ಗಂಟು ಕಣ್ಣೆದುರಿಗಿದ್ದರೂ ಅದರ ಒಂದು ಭಾಗವನ್ನು ಮುಟ್ಟುವಂತಿಲ್ಲ.

ಅದೇ ವರ್ಷದ ಅಕ್ಟೋಬರ್ 31ರಿಂದ ಒಂದು ವರ್ಗದ ನಿವೃತ್ತಿ ವೀಸಾಕ್ಕೆ ಆರೋಗ್ಯ ವಿಮೆ ಕಡ್ಡಾಯವಾಯಿತು. ಸರ್ಕಾರದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಬಿಲ್ಲು ತೆರದೆ ಹೋದ ವಿದೇಶಿ ರೋಗಿಗಳ ಬಾಕಿಯನ್ನು ಅಲ್ಲಿನ ಸಾರ್ವಜನಿಕ ಆಸ್ಪತ್ರೆಗಳೇ ಹೊರಬೇಕಾಗಿತ್ತು. ಆದರೆ 75 ದಾಟಿದವರಿಗೆ, ಅದರಲ್ಲೂ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದವರಿಗೆ ಹೊಸದಾಗಿ ವಿಮೆ ಕೊಡುವವರು ಯಾರು? ಕೊಟ್ಟರೂ ಅದರ ಕಂತು ಪಿಂಚಣಿಯ ಎಷ್ಟು ಪಾಲನ್ನು ನುಂಗುತ್ತದೆ? ವಿಮೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಅದು ದುರ್ಲಭ.

ಬದಲಾಗುವ ನಿಯಮ

ನಡುದಾರಿಯಲ್ಲಿ ನಿಯಮ ಬದಲಿಸಿದ್ದು ಥಾಯ್ಲೆಂಡ್ ಮಾತ್ರವಲ್ಲ. ಕೋಸ್ಟರಿಕಾ 1992ರಲ್ಲಿ ತೆರಿಗೆ ಸುಧಾರಣೆಯ ಭಾಗವಾಗಿ ಪಿಂಚಣಿದಾರರ ಸುಂಕ ರಿಯಾಯಿತಿಗಳನ್ನು ಕೊನೆಗೊಳಿಸಿತು. 2010ರಲ್ಲಿ ಜಾರಿಗೆ ಬಂದ ವಲಸೆ ಕಾಯಿದೆ, ತೋರಿಸಬೇಕಾದ ಮಾಸಿಕ ಪಿಂಚಣಿಯನ್ನು 600 ಡಾಲರಿನಿಂದ 1,000 ಡಾಲರಿಗೆ ಏರಿಸಿತು. ಫಿಲಿಪ್ಪೀನ್ಸಿನಲ್ಲಿ 35 ವರ್ಷದವರೂ ‘ನಿವೃತ್ತ’ರಾಗಬಹುದಾಗಿತ್ತು. ಹೀಗೆ ಬಂದವರಲ್ಲಿ ಚೀನೀಯರೇ ಹೆಚ್ಚೆಂಬುದು 2020ರಲ್ಲಿ ಅಲ್ಲಿನ ಸೆನೆಟ್ಟಿನಲ್ಲಿ ಚರ್ಚೆಗೆ ಬಂದು, ದೇಶದ ಭದ್ರತೆಯ ಪ್ರಶ್ನೆ ಎದ್ದಿತು. ಹೊಸ ಅರ್ಜಿಗಳನ್ನು ತಡೆಹಿಡಿದು, 2021ರಲ್ಲಿ ವಯಸ್ಸಿನ ಮಿತಿಯನ್ನು 50ಕ್ಕೆ ಏರಿಸಿ ಮತ್ತೆ ತೆರೆಯಲಾಯಿತು.

ಎಲ್ಲಕ್ಕಿಂತ ದೊಡ್ಡ ಗದ್ದಲವಾದದ್ದು ಮಲೇಷ್ಯಾದಲ್ಲಿ. ಅಲ್ಲಿ ಹತ್ತು ವರ್ಷದ ವೀಸಾ ಸಿಗುತ್ತಿತ್ತು. ತಿಂಗಳಿಗೆ 10 ಸಾವಿರ ರಿಂಗಿಟ್ ವರಮಾನ ತೋರಿಸಿ, 50 ದಾಟಿದವರಾದರೆ ಒಂದೂವರೆ ಲಕ್ಷ ರಿಂಗಿಟ್ ಠೇವಣಿ ಇಟ್ಟರೆ ಸಾಕಿತ್ತು. 2020ರಲ್ಲಿ ಯೋಜನೆಯನ್ನು ನಿಲ್ಲಿಸಿದ ಸರ್ಕಾರ ಮರುವರ್ಷ ಹೊಸ ಷರತ್ತು ಪ್ರಕಟಿಸಿತು: ವರಮಾನ 40 ಸಾವಿರ, ಠೇವಣಿ 10 ಲಕ್ಷ ರಿಂಗಿಟ್. ಆಗಲೇ ಅಲ್ಲಿ ನೆಲೆಸಿದ್ದವರಿಗೂ ಇದು ಅನ್ವಯಿಸುವ ಸೂಚನೆ ಇತ್ತು. ಮನೆ ಕೊಂಡು, ಊರಿನ ಆಸ್ತಿ ಮಾರಿ ಬಂದಿದ್ದ ವೃದ್ಧರು ಕಂಗಾಲಾದರು. ಜೊಹೋರಿನ ಸುಲ್ತಾನರೇ ಬಹಿರಂಗವಾಗಿ ಆಕ್ಷೇಪವೆತ್ತಿದರು. ಕೊನೆಗೆ ಹಳಬರಿಗೆ ಹಳೆಯ ಹಣಕಾಸಿನ ಷರತ್ತೇ ಇರಲೆಂದು ಸರ್ಕಾರ ಒಪ್ಪಿತು. 2024ರಲ್ಲಿ ಯೋಜನೆ ಮತ್ತೆ ಬದಲಾಗಿ, ಠೇವಣಿಯ ಮೊತ್ತಕ್ಕೆ ತಕ್ಕಂತೆ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳು ಬಂದವು. ವಲಸೆಯಲ್ಲಿ ಸ್ವಂತ ಅಧಿಕಾರವುಳ್ಳ ಸರವಾಕ್ ಪ್ರಾಂತ ತನ್ನದೇ ಬೇರೆ ಯೋಜನೆಯನ್ನು ನಡೆಸುತ್ತ ಬಂದಿದೆ.

ಆಸ್ಟ್ರೇಲಿಯಾದ ಕಥೆ ಇನ್ನೊಂದು ಬಗೆಯದು. ಅಲ್ಲಿಯ ತಾತ್ಕಾಲಿಕ ನಿವೃತ್ತಿ ವೀಸಾ 2005ರಲ್ಲಿ ಹೊಸಬರಿಗೆ ಮುಚ್ಚಿತು. ಅದಾಗಲೇ ಬಂದಿದ್ದವರು, ಅವರಲ್ಲಿ ಬಹುಪಾಲು ಬ್ರಿಟಿಷರು, ನವೀಕರಣದ ಮೇಲೆ ನವೀಕರಣ ಪಡೆಯುತ್ತ ಅಲ್ಲಿಯೇ ಮುಪ್ಪಾದರು. ಎಷ್ಟು ವರ್ಷ ಕಳೆದರೂ ಕಾಯಂ ವಾಸದ ದಾರಿ ಇರಲಿಲ್ಲ. ಅವರ ಸತತ ಒತ್ತಾಯದ ಫಲವಾಗಿ 2018ರಲ್ಲಷ್ಟೇ ಅಂಥದೊಂದು ದಾರಿ ತೆರೆಯಿತು.

ಎಲ್ಲ ದೇಶಗಳೂ ಹೀಗೆ ಎಂದರೆ ತಪ್ಪಾದೀತು. ಪನಾಮಾದ ಪಿಂಚಣಿದಾರ ಪರವಾನಗಿ ಕಾಯಂ ಸ್ವರೂಪದ್ದು. ಪೋರ್ಚುಗಲ್ಲಿಗೆ ಸ್ವಂತ ವರಮಾನದ ವೀಸಾದಲ್ಲಿ ಹೋದವರು ಐದು ವರ್ಷದ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಪರದೇಶದಲ್ಲಿ ಮುಪ್ಪನ್ನು ಕಳೆಯಬೇಕೆನ್ನುವವರು ಮೊದಲು ವಿಚಾರಿಸಬೇಕಾದ ವ್ಯತ್ಯಾಸ ಇದೇ.

ಹುಟ್ಟಿದ ದೇಶದ ಕೈ

ಸೇರಿದ ದೇಶದ ನಿಯಮ ಒಂದಾದರೆ, ಬಿಟ್ಟು ಬಂದ ದೇಶದ ನಿಯಮ ಇನ್ನೊಂದು. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಅಲ್ಲಿರುವವರಿಗೆ ಬೆಲೆಯೇರಿಕೆಯೊಡನೆ ವರ್ಷವರ್ಷ ಏರುತ್ತದೆ. ಪರದೇಶದಲ್ಲಿರುವವರಿಗೆ ಅದು ಏರುವುದು ಕೆಲವು ದೇಶಗಳಲ್ಲಿ ಮಾತ್ರ. ಅಮೆರಿಕದಲ್ಲಿದ್ದರೆ ಏರುತ್ತದೆ, ನೆರೆಯ ಕೆನಡಾದಲ್ಲಿದ್ದರೆ ಇಲ್ಲ. ಫಿಲಿಪ್ಪೀನ್ಸಿನಲ್ಲಿದ್ದರೆ ಏರುತ್ತದೆ, ಥಾಯ್ಲೆಂಡಿನಲ್ಲಾಗಲಿ ಭಾರತದಲ್ಲಾಗಲಿ ಇದ್ದರೆ ಮೊದಲ ದಿನದ ಮೊತ್ತಕ್ಕೇ ಹೆಪ್ಪುಗಟ್ಟುತ್ತದೆ. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಇದನ್ನು ಪ್ರಶ್ನಿಸಿದರು. 2000ದಲ್ಲಿ ವಾರಕ್ಕೆ 67.50 ಪೌಂಡಿಗೆ ನಿಂತುಹೋದ ಅವರ ಮೂಲ ಪಿಂಚಣಿಯ ವ್ಯಾಜ್ಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. 2010ರ ಮಾರ್ಚ್ 16ರಂದು 11 ನ್ಯಾಯಾಧೀಶರು ಬ್ರಿಟಿಷ್ ಸರ್ಕಾರದ ಪರವಾಗಿ, 6 ಮಂದಿ ಕಾರ್ಸನ್ ಪರವಾಗಿ ನಿಂತರು, ಅವರು ಸೋತರು. ಬ್ಯಾಂಕಾಕಿನಲ್ಲಿ ವೀಸಾಕ್ಕೆ ಬೇಕಾದ ವರಮಾನ ಏರಬಹುದು, ಲಂಡನ್ನಿನಿಂದ ಬರುವ ಪಿಂಚಣಿ ಏರುವುದಿಲ್ಲ ಎಂಬ ಇಕ್ಕಟ್ಟು ಹೀಗೆ ಉಳಿದುಕೊಂಡಿದೆ. ಅಮೆರಿಕದ ವೃದ್ಧರಿಗೂ ಬೇರೊಂದು ತೊಡಕು. ಅವರ ಸರ್ಕಾರದ ವೃದ್ಧರ ವೈದ್ಯಕೀಯ ವಿಮೆ ‘ಮೆಡಿಕೇರ್’ ಕೆಲವೇ ಅಪವಾದಗಳನ್ನು ಬಿಟ್ಟರೆ ಹೊರದೇಶದ ಚಿಕಿತ್ಸೆಗೆ ಹಣ ಕೊಡುವುದಿಲ್ಲ.

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟದ್ದು ಈ ವಿಷಯದಲ್ಲಿ ದೊಡ್ಡ ಪಾಠ. ಅದಕ್ಕೂ ಮುಂಚೆ ಬ್ರಿಟಿಷ್ ಪಿಂಚಣಿದಾರರು ಸ್ಪೇನಿನ ಕರಾವಳಿಯಲ್ಲಿ ಹಕ್ಕಿನಿಂದ ನೆಲೆಸುತ್ತಿದ್ದರು, ವೀಸಾದ ಮಾತೇ ಇರಲಿಲ್ಲ. ಮೊದಲೇ ನೆಲೆಸಿದ್ದವರ ಹಕ್ಕನ್ನು ಒಪ್ಪಂದ ಕಾಪಾಡಿತು. 2021ರ ಜನವರಿ 1ರಿಂದ ಹೊಸದಾಗಿ ಹೋಗುವವರಿಗೆ ಮಾತ್ರ ವೀಸಾ ಬೇಕಾಯಿತು. ಆ ವರ್ಷ ತಿಂಗಳಿಗೆ ಸುಮಾರು 2,260 ಯೂರೊ ವರಮಾನ ತೋರಿಸಬೇಕಿತ್ತು. ಈ ಬದಲಾವಣೆಯನ್ನು ತಂದ 2016ರ ಜನಮತದಲ್ಲಿ, 15 ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದ ಬ್ರಿಟಿಷರಿಗೆ ಮತದ ಹಕ್ಕೇ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ಕಾದಾಡಿ, ನಿವೃತ್ತಿಯಲ್ಲಿ ಇಟಲಿಯಲ್ಲೇ ನೆಲೆಸಿದ್ದ ಹ್ಯಾರಿ ಶಿಂಡ್ಲರ್ ಈ ಮಿತಿಯ ವಿರುದ್ಧ ಸ್ವದೇಶದ ನ್ಯಾಯಾಲಯಗಳಲ್ಲೂ ಯುರೋಪಿನ ನ್ಯಾಯಾಲಯದಲ್ಲೂ ಹೋರಾಡಿ ಸೋತಿದ್ದರು. 2022ರ ಕಾಯಿದೆ ಕೊನೆಗೂ ಆ ಮಿತಿಯನ್ನು ತೆಗೆಯಿತು. ಅದು ಜಾರಿಯಾದದ್ದು 2024ರ ಜನವರಿಯಲ್ಲಿ. 101 ವರ್ಷದ ಶಿಂಡ್ಲರ್ 2023ರಲ್ಲೇ ತೀರಿಕೊಂಡಿದ್ದರು.

ಕೆಲವೊಮ್ಮೆ ಜಗಳ ಎರಡು ಸರ್ಕಾರಗಳ ನಡುವೆಯೇ ನಡೆಯುತ್ತದೆ. ಪೋರ್ಚುಗಲ್ 2009ರಲ್ಲಿ ತಂದ ತೆರಿಗೆ ಪದ್ಧತಿಯಿಂದ ಅಲ್ಲಿಗೆ ಬಂದ ವಿದೇಶಿಯರ ಪಿಂಚಣಿಗೆ ಬಹುತೇಕ ತೆರಿಗೆಯೇ ಇಲ್ಲವಾಯಿತು. ತಮ್ಮ ಪಿಂಚಣಿದಾರರು ಎಲ್ಲಿಯೂ ತೆರಿಗೆ ಕೊಡದೆ ಹಾಯಾಗಿದ್ದಾರೆಂದು ಸಿಟ್ಟಾದ ಫಿನ್‌ಲೆಂಡ್, ಆಮೇಲೆ ಸ್ವೀಡನ್, ಪೋರ್ಚುಗಲ್ ಜೊತೆಗಿನ ತೆರಿಗೆ ಒಪ್ಪಂದವನ್ನೇ ರದ್ದು ಮಾಡಿದವು. 2020ರಲ್ಲಿ ಪೋರ್ಚುಗಲ್ ಹೊಸಬರ ಪಿಂಚಣಿಗೆ ಶೇಕಡ 10ರ ತೆರಿಗೆ ಹಾಕಿತು. 2024ರಿಂದ ಆ ಪದ್ಧತಿಯೇ ಹೊಸಬರಿಗೆ ಮುಚ್ಚಿತು.

ಬೆಂಗಳೂರು ಮತ್ತು ಕೊಲ್ಲಿ

‘ಪಿಂಚಣಿದಾರರ ಸ್ವರ್ಗ’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ಬೆಂಗಳೂರಿಗೆ ಆ ಹೆಸರು ಬಂದದ್ದು ಅದರ ತಂಪು ಹವೆಯಿಂದ, ಗಡಿಬಿಡಿಯಿಲ್ಲದ ಬದುಕಿನಿಂದ. ದಂಡು ಪ್ರದೇಶದ ಬ್ರಿಟಿಷ್ ನಿವೃತ್ತರಿಂದ ಹಿಡಿದು ದೇಶದ ನಾನಾ ಭಾಗದ ಅಧಿಕಾರಿಗಳವರೆಗೆ ಎಷ್ಟೋ ಜನ ಇಲ್ಲಿ ಮನೆ ಮಾಡಿದರು. ಬ್ರಿಟಿಷ್ ಲೇಖಕಿ ಡೆಬೊರಾ ಮೊಗಾಕ್, ತಮ್ಮ ದೇಶದ ವೃದ್ಧರು ಭಾರತದ ಹೋಟೆಲೊಂದಕ್ಕೆ ನಿವೃತ್ತಿ ಜೀವನಕ್ಕೆಂದು ಬರುವ ಕಾದಂಬರಿ ಬರೆದಾಗ (2004) ಆ ಹೋಟೆಲನ್ನು ಇಟ್ಟದ್ದು ಬೆಂಗಳೂರಿನಲ್ಲೇ. ಅದು ‘ದಿ ಬೆಸ್ಟ್ ಎಕ್ಸಾಟಿಕ್ ಮಾರಿಗೋಲ್ಡ್ ಹೋಟೆಲ್’ ಎಂಬ ಚಲನಚಿತ್ರವಾದಾಗ ಕಥೆ ಜೈಪುರಕ್ಕೆ ಸ್ಥಳಾಂತರವಾಯಿತು. ವಾಸ್ತವದಲ್ಲಿ ಭಾರತಕ್ಕೆ ನಿವೃತ್ತಿ ವೀಸಾ ಎಂಬ ವರ್ಗವೇ ಇಲ್ಲ. ಇಂಥ ವಾಸ ಸುಲಭವಾಗಿರುವುದು ಭಾರತ ಮೂಲದವರಿಗೆ, ಸಾಗರೋತ್ತರ ಪೌರರೆಂಬ ಗುರುತುಚೀಟಿಯ ಮೂಲಕ.

ಕರ್ನಾಟಕದ ಕರಾವಳಿಯ ಸಾವಿರಾರು ಮನೆಗಳಿಗೆ ಈ ಪ್ರಶ್ನೆ ಬೇರೆಯೇ ರೂಪದಲ್ಲಿ ಗೊತ್ತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿಗೆ ಹೋದವರು ಅಲ್ಲಿ ಮೂವತ್ತು ವರ್ಷ ದುಡಿದರೂ ಅವರ ವಾಸ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಮುಗಿದರೆ ವೀಸಾವೂ ಮುಗಿಯಿತು. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಅಲ್ಲೇ ಕೆಲಸದಲ್ಲಿದ್ದರೂ ತಂದೆತಾಯಿ ಸಾಮಾನು ಕಟ್ಟಿ ಊರಿಗೆ ಮರಳಬೇಕಾಗುತ್ತಿತ್ತು. ದುಬೈ 2020ರ ಸೆಪ್ಟೆಂಬರಿನಲ್ಲಿ 55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾವನ್ನು ಪ್ರಕಟಿಸಿದಾಗ ಈ ಕಟ್ಟು ಮೊದಲ ಬಾರಿಗೆ ತುಸು ಸಡಿಲವಾಯಿತು. ಆದರೆ ಅದಕ್ಕೆ ಬೇಕಾದದ್ದು ತಿಂಗಳಿಗೆ 20 ಸಾವಿರ ದಿರ್ಹಮ್ ವರಮಾನ, ಅಥವಾ 10 ಲಕ್ಷ ದಿರ್ಹಮ್ ಉಳಿತಾಯ, ಅಥವಾ ದೊಡ್ಡ ಮೊತ್ತದ ಆಸ್ತಿ. ಕಂಪೆನಿಯ ಮ್ಯಾನೇಜರನಿಗೆ, ಸ್ವಂತ ವ್ಯಾಪಾರ ಮಾಡಿದವನಿಗೆ ಇದು ಎಟುಕೀತು. ಚಾಲಕ, ಅಡುಗೆಯವ, ಅಂಗಡಿಯ ಗುಮಾಸ್ತನಿಗೆ ಊರಿನ ದಾರಿಯೇ ದಾರಿ.

ಹೀಗೆ ನೋಡಿದರೆ ನಿವೃತ್ತಿ ವೀಸಾ ವಯಸ್ಸಿಗೆ ಕೊಡುವ ಗೌರವವಲ್ಲ, ವರಮಾನಕ್ಕೆ ಕೊಡುವ ಪರವಾನಗಿ. ಹಾಗೆಂದು ಅದನ್ನು ಮೋಸವೆಂದು ತಳ್ಳಿಹಾಕಬೇಕಿಲ್ಲ. ತಮ್ಮ ದೇಶದಲ್ಲಿ ಮನೆಯನ್ನು ಬೆಚ್ಚಗಿಟ್ಟುಕೊಳ್ಳಲೂ ಲೆಕ್ಕ ಹಾಕಬೇಕಾಗಿದ್ದ ಎಷ್ಟೋ ಜನ ಇದರಿಂದಾಗಿ ಬಿಸಿಲಿನ ಊರುಗಳಲ್ಲಿ ನೆಮ್ಮದಿಯ ವರ್ಷಗಳನ್ನು ಕಳೆದಿದ್ದಾರೆ. ಬಂದವರ ಹಣ ಸ್ಥಳೀಯ ಅಂಗಡಿ, ಆಸ್ಪತ್ರೆ, ಮನೆಗೆಲಸದವರ ಕೈ ಸೇರಿದೆ. ತೊಂದರೆ ಬರುವುದು ಬಾಡಿಗೆಯ ಕರಾರನ್ನು ಸ್ವಂತ ಮನೆಯ ಪತ್ರವೆಂದು ತಿಳಿದಾಗ. ಅರವತ್ತರಲ್ಲಿ ಹೊರಟವರು ಷರತ್ತುಗಳನ್ನು ಅರವತ್ತರ ಕಣ್ಣಿನಿಂದಲೇ ಓದುತ್ತಾರೆ: ಹವೆ ಹೇಗಿದೆ, ಬಾಡಿಗೆ ಎಷ್ಟು, ಸಮುದ್ರ ಎಷ್ಟು ದೂರ. ಎಂಬತ್ತೈದರಲ್ಲಿ ವಿಮೆ ಸಿಗುತ್ತದೆಯೇ, ಗಂಡ ತೀರಿಕೊಂಡರೆ ಹೆಂಡತಿಯ ಪರವಾನಗಿ ಉಳಿಯುತ್ತದೆಯೇ, ನೆನಪಿನ ಶಕ್ತಿ ಕುಂದಿದಾಗ ವಲಸೆ ಕಚೇರಿಯ ಕಾಗದಕ್ಕೆ ಸಹಿ ಹಾಕುವವರು ಯಾರು ಎಂಬ ಪ್ರಶ್ನೆಗಳಿಗೆ ಯಾವ ದೇಶದ ಜಾಹೀರಾತಿನಲ್ಲೂ ದೊಡ್ಡ ಅಕ್ಷರದಲ್ಲಿ ಉತ್ತರವಿರುವುದಿಲ್ಲ. ಅರ್ಜಿಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮಾತ್ರ ಅವೇ.